ನಾರ್ಮಲ್ ಸೊಸೆ

ನನ್ನ ಉಸಿರು ನನಗೆ ಬಿಟ್ಟಿ ಸಿಕ್ಕಿದ್ದಲ್ಲ. ಅದಕ್ಕೆ ನಾನು ತೆತ್ತದ್ದು ಇಷ್ಟು: ತವರಿನ ಕೊಟ್ಟಿಗೆಯ ಒಂದು ಕರೆಯುವ ಎಮ್ಮೆ, ಅತ್ತೆಯ ಒಲೆಯ ಮುಂದಿನ ಜಾಗ, ಮತ್ತೆ ನನ್ನಪ್ಪ. ಎಮ್ಮೆ ಇನ್ನೊಂದು ಸಿಗುತ್ತದೆ. ಒಲೆ ನಾನೇ ಬೇರೆ ಹೂಡಿಕೊಂಡೆ. ಮೂರನೆಯದು ಪೇಟೆಯಲ್ಲಿ ಸಿಗುವ ಸರಕಲ್ಲ. ದುಬಾರಿಯಾಯಿತೇ ಎಂದರೆ, ಆಯಿತು. ಆದರೂ ಮತ್ತೊಮ್ಮೆ ಅದೇ ಬೆಲೆ ಹೇಳಿದರೆ ಮತ್ತೊಮ್ಮೆ ಕೊಡುತ್ತೇನೆ. ಸ್ವಲ್ಪ ಬೇಗ ಕೊಡುತ್ತೇನೆ, ಅಷ್ಟೇ. ಇಷ್ಟೆಲ್ಲ ಯಾಕೆ ತೆರಬೇಕಾಯಿತು ಎಂದರೆ, ನನ್ನ ರಕ್ತದಲ್ಲಿದ್ದ ಒಂದು ಸಂಖ್ಯೆಯನ್ನು ಕೆಲವು ದಿನದ ಮಟ್ಟಿಗೆ ಇಳಿಸಿ, ಇಳಿದ ಸಂಖ್ಯೆಯನ್ನು ಕಾಗದದ ಮೇಲೆ ಬರೆಸಿ, ಆ ಕಾಗದದ ಬಲದ ಮೇಲೆ ನನ್ನನ್ನು ಮದುವೆ ಮಾಡಿಕೊಟ್ಟರು. ರಕ್ತದಲ್ಲಿದ್ದದ್ದು ಮತ್ತೆ ಏರಿತು. ಕಾಗದದಲ್ಲಿದ್ದದ್ದು ಏರಲಿಲ್ಲ.

ನಾನು ಊಟಿ ಹತ್ತಿರದ ಕೆತ್ತಿ ಕಣಿವೆಯಲ್ಲಿ ಕ್ಯಾರೆಟ್ ವ್ಯಾಪಾರ ಮಾಡುವವಳು. ಹೊಲದಲ್ಲಿ ಕೊಂಡು, ತೊಳೆಸಿ, ಮೂಟೆ ಕಟ್ಟಿಸಿ ಮೈಸೂರಿನ ಮಂಡಿಗೆ ಕಳಿಸುತ್ತೇನೆ. ಈ ಬರೆಯುವ ಕನ್ನಡ ಮಂಡಿಯವರ ಜೊತೆ ಜಗಳಾಡುತ್ತ ಕಲಿತದ್ದು; ಜಗಳದಲ್ಲಿ ಕಲಿತ ಭಾಷೆ ಮರೆಯುವುದಿಲ್ಲ. ಮನೆಯಲ್ಲಿ ನಮ್ಮ ಮಾತು ಬೇರೆ. ಅದನ್ನು ಓದುವವರಿಗೆ ತಿಳಿಯುವಷ್ಟೇ ಇಲ್ಲಿ ಉಳಿಸಿದ್ದೇನೆ. ಅದರಲ್ಲಿ ‘ನಿಂಗ’ ಎಂದರೆ ನಿಮ್ಮ, ‘ಎಂಗ’ ಎಂದರೆ ನಮ್ಮ.

ಹುಟ್ಟಿದ್ದು ಕೀಳ್ ಕೋತಗಿರಿ ಕಡೆಯ ಒಂದು ಹಟ್ಟಿಯಲ್ಲಿ. ಹಟ್ಟಿ ಎಂದರೆ ನಮ್ಮಲ್ಲಿ ಊರು. ಅಪ್ಪ ಸಣ್ಣ ತೋಟದವರಿಂದ ಹಸಿ ಚಹಾ ಎಲೆ ಕೊಂಡು ಫ್ಯಾಕ್ಟರಿಗೆ ಹಾಕುವ ಏಜೆಂಟ್ ಆಗಿದ್ದರು. ಅಮ್ಮ ನಾನು ಚಿಕ್ಕವಳಿರುವಾಗಲೇ ಏದುಸಿರು ಬಿಡುತ್ತ ಹೋದಳು. ಸಾವಿಗೆ ಬಂದವರಿಗೆಲ್ಲ ಎದೆನೋವು ಎಂದು ಹೇಳಿದೆವು. ಹಾಗೆ ಹೇಳಬೇಕೆಂದು ಯಾರೂ ಯಾರಿಗೂ ಕಲಿಸಲಿಲ್ಲ. ಮನೆಯಲ್ಲಿ ಹೆಣ್ಣುಮಗುವಿತ್ತು, ಅಷ್ಟು ಸಾಕಾಗಿತ್ತು.

ಆಸ್ತಮಾ ಎಂಬ ಮಾತನ್ನು ನಮ್ಮ ಮನೆಯಲ್ಲಿ ಬಾಯಿಬಿಟ್ಟು ಆಡುವಂತಿರಲಿಲ್ಲ. ನನಗಿದ್ದದ್ದು ‘ಈಸ್ನೋಫೀಲಿಯಾ’. ಇಯೋಸಿನೋಫಿಲ್ ಎಂಬ ಒಂದು ಬಗೆಯ ಬಿಳಿಯ ಕಣ ರಕ್ತದಲ್ಲಿ ಹೆಚ್ಚಾಗಿದೆ ಎಂಬುದಷ್ಟೇ ಅದರ ಅರ್ಥ. ಆ ಕಾಲದಲ್ಲಿ ಬೆಟ್ಟದ ಮೇಲೆ ಅರ್ಧ ಜನಕ್ಕೆ ಈ ಹೆಸರಿನ ಕಾಯಿಲೆಯೇ ಇತ್ತು. ಆಸ್ತಮಾ ಎಂದರೆ ವಂಶಕ್ಕೆ ಅಂಟಿದ ಶಾಪ. ಈಸ್ನೋಫೀಲಿಯಾ ಎಂದರೆ ಬಂದು ಹೋಗುವ ನೆಂಟ. ನನ್ನ ನೆಂಟ ನಾನು ಮದುವೆಯ ವಯಸ್ಸಿಗೆ ಬಂದರೂ ಎದ್ದು ಹೋಗಿರಲಿಲ್ಲ. ಉಸಿರು ಕಟ್ಟಿದಾಗ ಕಾಂಪೌಂಡರ್ ಬಂದು ಸೂಜಿ ಚುಚ್ಚುತ್ತಿದ್ದ. ಎದೆ ಬಿಡುತ್ತಿತ್ತು. ಮತ್ತೆ ಕಟ್ಟುವವರೆಗೆ ನನಗೆ ಏನೂ ಇಲ್ಲ ಎಂದು ಎಲ್ಲರೂ ಮರೆಯುತ್ತಿದ್ದರು, ನಾನೂ ಮರೆಯುತ್ತಿದ್ದೆ.

ನಮ್ಮ ಜನರಲ್ಲಿ ವರದಕ್ಷಿಣೆ ಕೇಳುವ ಕ್ರಮವಿಲ್ಲ. ಇದನ್ನು ನಮ್ಮವರು ಹೊರಗಿನವರ ಮುಂದೆ ಎದೆಯುಬ್ಬಿಸಿ ಹೇಳುತ್ತಾರೆ. ನಿಜವೇ. ಆದರೆ ಚೌಕಾಸಿ ಮಾಡುವ ಬಾಯಿಗೆ ಏನಾದರೂ ಬೇಕಲ್ಲ. ದುಡ್ಡು ಕೇಳುವಂತಿಲ್ಲ ಎಂದಾಗ ಹೆಣ್ಣಿನ ಹಲ್ಲು ನೋಡುತ್ತಾರೆ, ಕೈಯ ಒರಟು ನೋಡುತ್ತಾರೆ, ಬುಟ್ಟಿಗೆ ಎಷ್ಟು ಎಲೆ ಕೀಳುತ್ತಾಳೆ ಎಂದು ಅಕ್ಕಪಕ್ಕದ ತೋಟದಲ್ಲಿ ವಿಚಾರಿಸುತ್ತಾರೆ. ತೊಂಬತ್ತರ ದಶಕದ ಮೊದಲಲ್ಲಿ ಕೆತ್ತಿ ಕಡೆಯ ಒಂದು ಹಟ್ಟಿಯಿಂದ ನನ್ನನ್ನು ನೋಡಲು ಬಂದ ಹೆಂಗಸು ಇವುಗಳಲ್ಲಿ ಯಾವುದನ್ನೂ ನೋಡಲಿಲ್ಲ. ಕಾಫಿ ಕುಡಿದವರೇ, ಬಾ ಕೂಸು, ಮೇಲಿನ ತೋಟ ತೋರಿಸು ಎಂದು ನನ್ನನ್ನು ಎಬ್ಬಿಸಿದರು. ಏರು ಕಾಲುದಾರಿ. ನನ್ನನ್ನು ಮುಂದೆ ಬಿಟ್ಟು ತಾವು ಹಿಂದೆ ಬಂದರು. ತೋಟದ ಕಡೆ ಒಮ್ಮೆಯೂ ಕಣ್ಣೆತ್ತಲಿಲ್ಲ. ನನ್ನ ಬೆನ್ನಿಗೆ ಕಿವಿ ಕೊಟ್ಟು ಹತ್ತಿದರು. ನಾನು ಉಸಿರು ಹಿಡಿದು ಹತ್ತಿದೆ, ಆಗದಾಗ ಕಳೆ ಕೀಳುವವಳ ಹಾಗೆ ಬಗ್ಗಿ ನಿಂತೆ, ಮತ್ತೆ ಹತ್ತಿದೆ.

ಕೆಳಗೆ ಬಂದು ಅವರು ಅಪ್ಪನಿಗೆ ಹೇಳಿದರು: “ನಿಂಗ ಕೂಸು ಹತ್ತುವಾಗೆಲ್ಲ ಕಳೆ ಕೀಳುತ್ತೆ. ಒಳ್ಳೆ ಕೆಲಸಗಾತಿ. ಒಂದು ರಕ್ತ ನೋಡಿಸಿಬಿಡಿ.”

ಆ ಹೆಂಗಸೇ ನನ್ನ ಅತ್ತೆಯಾದರು. ಅವರನ್ನು ಮಾಮಿ ಎಂದು ಕರೆಯಬೇಕು. ಅವರ ಬಗ್ಗೆ ನಾನು ಏನೇ ಹೇಳಿದರೂ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಸರಕು ನೋಡುವ ಕಣ್ಣಿನಲ್ಲಿ ನಮ್ಮ ಇಡೀ ಕಣಿವೆಯಲ್ಲಿ ಅವರಿಗೆ ಸಮ ಇರಲಿಲ್ಲ.

ಅಪ್ಪ ಕಾಂಪೌಂಡರನ ಬಳಿ ಹೋಗಿ ಸಣ್ಣ ಬಿಳಿ ಮಾತ್ರೆ ತಂದರು. ಶಕ್ತಿ ಮಾತ್ರೆ, ನುಂಗು ಎಂದರು. ಮಾರನೆಯ ದಿನವೇ ಎದೆಯ ಸೀಟಿ ನಿಂತಿತು. ಅದರ ಮರುದಿನ ನಾನು ಎಲೆ ಮೂಟೆಯನ್ನು ಎತ್ತಿ ಲಾರಿಗೆ ಹಾಕಿದೆ, ಯಾರೂ ಹೇಳದೆ. ಹಾಡು ಹೇಳಿಕೊಂಡು ಏರು ಹತ್ತಬಹುದು ಎಂದು ನನಗೆ ಗೊತ್ತಿರಲೇ ಇಲ್ಲ. ಬೆನ್ನು ನೆಲಕ್ಕೆ ಹಚ್ಚಿ ಮಲಗಿ ನಿದ್ದೆ ಮಾಡಬಹುದು ಎಂದೂ ಗೊತ್ತಿರಲಿಲ್ಲ. ಅಲ್ಲಿಯವರೆಗೆ ಗೋಡೆಗೆ ಒರಗಿಯೇ ನಿದ್ದೆ. ನನ್ನ ಹುಡುಗಿತನದಲ್ಲಿ ನಾನು ಮನುಷ್ಯರ ಹಾಗೆ ಉಸಿರಾಡಿದ್ದು ಆ ಒಂದು ವಾರ ಮಾತ್ರ, ಅದೂ ಇನ್ನೊಬ್ಬರಿಗೆ ಮೋಸ ಮಾಡುವುದಕ್ಕಾಗಿ. ಇಂಥ ಮಾತ್ರೆ ಇದೆ ಎಂದಾದರೆ ಇಷ್ಟು ವರ್ಷ ಯಾಕೆ ಕೊಡಲಿಲ್ಲ ಎಂದು ಅಪ್ಪನನ್ನು ಕೇಳಿದೆ. ಆಗ ಯಾರೂ ನೋಡಲು ಬಂದಿರಲಿಲ್ಲವಲ್ಲ ಎಂದರು. ತಮಾಷೆಗೆ ಹೇಳಿದ್ದಲ್ಲ.

ರಕ್ತ ಕೊಟ್ಟೆ. ನಾರ್ಮಲ್ ಎಂದು ಬಂತು. ತೂಕ ಏರಿಸಲು ಎಲೆಗೆ ನೀರು ಚಿಮುಕಿಸಿ ತರುವವರನ್ನು ಅಪ್ಪ ಇಡೀ ಹಟ್ಟಿಗೆ ಕೇಳುವ ಹಾಗೆ ಬೈಯುತ್ತಿದ್ದರು; ಅಂಥವರ ಎಲೆಯನ್ನು ರಸ್ತೆಗೆ ಸುರಿದದ್ದೂ ಉಂಟು. ಆ ಕಾಗದವನ್ನು ಮಾತ್ರ ಹೊಸ ಪಂಚೆಯಂತೆ ಮಡಿಸಿ ಕೆತ್ತಿಗೆ ಕಳಿಸಿಕೊಟ್ಟರು.

ನಮ್ಮಲ್ಲಿ ಹೊಸ ಸೊಸೆ ಗಂಡನ ಹಟ್ಟಿಗೆ ಕಾಲಿಟ್ಟ ಮೇಲೆ ಕೊಡ ಹಿಡಿದು ಹೋಗಿ ಊರಿನ ನೀರು ಹೊತ್ತು ತರಬೇಕು. ಅದಕ್ಕಾಗಿ ಅಪ್ಪ ಇನ್ನೊಂದಿಷ್ಟು ಮಾತ್ರೆ ಕೊಟ್ಟು ಕಳಿಸಿದ್ದರು. ಕೆಳಗಿನ ಚಿಲುಮೆಯಿಂದ ತುಂಬಿದ ಕೊಡ ಹೊತ್ತು ಒಂದು ಹನಿ ತುಳುಕಿಸದೆ ಹತ್ತಿ ಬಂದೆ. ಹೆಂಗಸರು ನೋಡಿ ಮೆಚ್ಚಿದರು. ಅತ್ತೆ ಮೆಚ್ಚಿದ್ದನ್ನು ಮುಖದ ಮೇಲೆ ಬಿಡಲಿಲ್ಲ. ಚೀಟಿಯಲ್ಲಿ ಕಟ್ಟಿದ್ದ ಮಾತ್ರೆ ಮುಗಿಯಿತು. ವಾರ ಕಳೆಯುವುದರೊಳಗೆ ಎದೆ ತನ್ನ ಹಳೆಯ ಬಾಕಿಯನ್ನೆಲ್ಲ ಬಡ್ಡಿ ಸೇರಿಸಿ ವಸೂಲಿಗೆ ಬಂತು.

ಕೆತ್ತಿ ಕೀಳ್ ಕೋತಗಿರಿಗಿಂತ ಚಳಿ. ಜನವರಿಯಲ್ಲಿ ಹೊಲದ ಮೇಲೆ ಮಂಜು ಉಪ್ಪಿನ ಹಾಗೆ ಬಿದ್ದಿರುತ್ತದೆ. ಮನೆಯೊಳಗೆ ಒಲೆಗೆ ಹಸಿ ನೀಲಗಿರಿ ಸೌದೆ. ಅದರ ಹೊಗೆ ನೆಗಡಿಗೆ ಒಳ್ಳೆಯದೆಂದು ಹೇಳುವವರಿದ್ದಾರೆ. ಹೇಳುವವರು ಊದುಕೊಳವೆ ಹಿಡಿದವರಲ್ಲ. ನಾನು ಒಂದು ಸಲ ಊದಿದರೆ ಎರಡು ಸಲ ಕೆಮ್ಮುತ್ತಿದ್ದೆ. ಆಮೇಲೆ ಊದಲು ಗಾಳಿಯೇ ಇರುತ್ತಿರಲಿಲ್ಲ.

ಅತ್ತೆ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅಕ್ಕಿ ಡಬ್ಬಿಯ ಮೇಲೆ ಇಟ್ಟಿದ್ದರು. ಅವರಿಗೆ ಓದಲು ಬಾರದು. ನಾದಿನಿ ಆಗ ಶಾಲೆಗೆ ಹೋಗುತ್ತಿದ್ದಳು. ನಾನು ಕೆಮ್ಮಿ ಕೂತಾಗ ಅತ್ತೆ ಮಗಳನ್ನು ಕರೆಯುತ್ತಿದ್ದರು.

“ಓದು ಕೂಸು. ಏನ ಬರೆದಿದೆ?”

“ನಾರ್ಮಲ್.”

“ಇನ್ನೊಮ್ಮೆ ಓದು, ನಿಂಗ ಅತ್ತಿಗೆಗೆ ಕೇಳಲಿಲ್ಲೆ.”

“ನಾರ್ಮಲ್.”

“ಕೇಳಿತಾ? ಹಾಗಾದರೆ ಊದು.”

ಪಕ್ಕದ ಮನೆಯವರು ಇದನ್ನು ಕೇಳಿ ನಕ್ಕರು. ಅವರಿಂದ ಅವರ ಪಕ್ಕದವರಿಗೆ ಹೋಯಿತು. ಚಳಿಗಾಲ ಮುಗಿಯುವುದರೊಳಗೆ ಹಟ್ಟಿಯಲ್ಲಿ ನನ್ನ ಹೆಸರೇ ನಾರ್ಮಲ್ ಆಯಿತು. ಚಿಲುಮೆಯ ದಾರಿಯಲ್ಲಿ ನಾನು ಕೊಡ ಇಳಿಸಿ ಕೂತಿದ್ದರೆ, ನಾರ್ಮಲ್ ದಣಿದಿದೆ ಎನ್ನುತ್ತಿದ್ದರು. ಮುದುಕರು ಮಕ್ಕಳಿಗೆ ತೋರಿಸಿ, ನೋಡು ನಾರ್ಮಲ್ ಬಂತು ಎನ್ನುತ್ತಿದ್ದರು. ಮಕ್ಕಳಿಗೆ ಅದು ನಿಜವಾದ ಹೆಸರೆಂದೇ ತಿಳಿದಿತ್ತು.

ನನ್ನ ಗಂಡನ ಬಗ್ಗೆ ಹೇಳಬೇಕು. ಬೇರೆಯವರ ಪಿಕಪ್ ಓಡಿಸುತ್ತಿದ್ದ. ಅಮ್ಮನಿಗೆ ಎದುರಾಡುವವನಲ್ಲ, ನನಗೂ ಎದುರಾಡುವವನಲ್ಲ. ಇಂಥ ಗಂಡಸರಿಂದ ಕೆಲಸ ಮಾಡಿಸುವುದು ಸುಲಭ. ಮೊದಲು ಯಾರು ಹೇಳುತ್ತಾರೆ ಎಂಬುದಷ್ಟೇ ಲೆಕ್ಕ. ಒಂದು ದಿನ ಬಿತ್ತನೆ ಆಲೂಗಡ್ಡೆ ನೋಡುವ ನೆಪ ಹೇಳಿ ನನ್ನನ್ನು ಊಟಿಯ ಎದೆ ಡಾಕ್ಟರಮ್ಮನ ಬಳಿ ಕರೆದುಕೊಂಡು ಹೋದ.

ಡಾಕ್ಟರಮ್ಮ ಒಂದು ಕೊಳವೆ ಕೊಟ್ಟು ಜೋರಾಗಿ ಊದು ಎಂದರು. ಅದರೊಳಗಿನ ಮುಳ್ಳು ಎದ್ದು ಎಷ್ಟು ದೂರ ಹೋಗುತ್ತದೆ ಎಂದು ನೋಡುವ ಕೊಳವೆ. ನನ್ನ ಮುಳ್ಳು ಎದ್ದಲ್ಲೇ ಕೂತಿತು. ರಕ್ತ ನೋಡಿಸಿದರು, ಸಂಖ್ಯೆ ಎಲ್ಲೋ ಏರಿತ್ತು. ಹಳೆಯ ಕಾಗದದ ಕಥೆ ಹೇಳಿದೆ. ಮಾತ್ರೆ ಹೇಗಿತ್ತು, ಎಷ್ಟು ದಿನ ನುಂಗಿದೆ ಎಂದು ಕೇಳಿ ತಿಳಿದುಕೊಂಡರು. ಆಮೇಲೆ ತಮಿಳಿನಲ್ಲಿ ಅವರು ಬಿಡಿಸಿ ಹೇಳಿದ್ದು ನನಗೆ ಇವತ್ತಿಗೂ ಬಾಯಿಪಾಠ. ನಿನ್ನ ಶ್ವಾಸದ ಕೊಳವೆಗಳು ಒಳಗೆ ಕೆಂಪಾಗಿ ಊದಿಕೊಂಡಿವೆ, ತರಚಿದ ಮಂಡಿಯ ಹಾಗೆ. ಈ ಕಣಗಳು ಆ ಊತದ ಜಾಡು ಹಿಡಿದು ಬರುವವು. ಆ ಬಿಳಿ ಮಾತ್ರೆ ನುಂಗಿದರೆ ಒಂದೆರಡು ದಿನದಲ್ಲಿ ಕಣಗಳು ರಕ್ತದಿಂದ ಕಾಣೆಯಾಗುತ್ತವೆ, ಊತವೂ ಇಳಿಯುತ್ತದೆ. ನಿಲ್ಲಿಸಿದರೆ ಎರಡೂ ವಾಪಸು. ವರ್ಷಗಟ್ಟಲೆ ಅದನ್ನೇ ನುಂಗಿದರೆ ಮೂಳೆ ಸವೆಯುತ್ತದೆ, ಸಕ್ಕರೆ ಕಾಯಿಲೆ ಬರುತ್ತದೆ. ಅದೇ ಜಾತಿಯ ಔಷಧಿಯನ್ನು ಚೂರೇ ಚೂರು, ನೇರ ಕೊಳವೆಗೆ ಹೋಗುವ ಹಾಗೆ, ದಿನಾ ಬಾಯಿಂದ ಎಳೆದುಕೊಳ್ಳಬೇಕು. ಉಸಿರು ಕಟ್ಟಿದಾಗ ಎಳೆಯುವ ನೀಲಿ ಇನ್ಹೇಲರ್ ಡಬ್ಬಿ ಬೇರೆ. ಇದು ಕಂದು ಬಣ್ಣದ್ದು, ಚೆನ್ನಾಗಿರುವಾಗಲೂ ಎಳೆಯುವಂಥದ್ದು.

ನಾನು ಅಲ್ಲೂ ಚೌಕಾಸಿಗೆ ಕೂತೆ. ಬೆಳಿಗ್ಗೆ ಸಂಜೆ ಎಂದರೆ ಒಂದು ಹೊತ್ತು ಸಾಕಲ್ಲವೇ ಎಂದೆ. ಡಾಕ್ಟರಮ್ಮ ನನ್ನ ಮುಖ ನೋಡಿ, ಕಾಯಿಲೆ ಎಷ್ಟಕ್ಕೆ ಇಳಿಯುತ್ತದೆ ಎಂದು ಅದನ್ನೇ ಕೇಳಿಕೊಂಡು ಬಾ ಎಂದರು.

ಕಂದು ಡಬ್ಬಿಯನ್ನು ಸೀರೆಗಳ ನಡುವೆ ಇಟ್ಟಿದ್ದೆ. ಎರಡೇ ವಾರದಲ್ಲಿ ಅತ್ತೆಯ ಕೈಗೆ ಸಿಕ್ಕಿತು. ಅವರು ಕೂಗಾಡಲಿಲ್ಲ. ನಾರ್ಮಲ್‌ಗೆ ಔಷಧಿ ಯಾಕೆ ಎಂದು ಕೇಳಿದರು, ಇಂಥದ್ದು ಅಭ್ಯಾಸವಾದರೆ ಸಾಯುವವರೆಗೂ ಬಿಡಲ್ಲ ಎಂದರು, ಒಲೆಗೆ ಹಾಕಿದರು. ಒಳಗೆ ಒತ್ತಿ ತುಂಬಿದ ಗಾಳಿಯ ಡಬ್ಬಿ ಅದು. ಸಿಡಿದ ಸದ್ದಿಗೆ ಕಟ್ಟಿದ್ದ ಎಮ್ಮೆಗಳು ಹಗ್ಗ ಜಗ್ಗಿದವು. ಸಾರಿನ ಮಡಕೆ ಒಡೆದು ಒಲೆ ಆರಿತು. ಮಾಡಿನಿಂದ ತಲೆಮಾರುಗಳ ಮಸಿ ಉದುರಿ ಅತ್ತೆ ಬೂದಿಬಡುಕರ ಹಾಗೆ ನಿಂತಿದ್ದರು. ನಾದಿನಿಗೆ ನಗು ಬಂದು ಹೊರಗೆ ಓಡಿದಳು.

“ಇದನ್ನಾ ನೀ ಎದೆಯೊಳಗೆ ಎಳೆಯೋದು?” ಎಂದರು ಅತ್ತೆ. “ಎಂಗ ಮೊಮ್ಮಗ ಇರೋ ಹೊಟ್ಟೆಗೆ?”

ಆಗ ನಾನು ನಾಲ್ಕು ತಿಂಗಳ ಬಸುರಿ. ಅವರು ಹೇಳಿದ್ದರಲ್ಲಿ ದ್ವೇಷಕ್ಕಿಂತ ಭಯ ಹೆಚ್ಚಿತ್ತು. ಅವರ ಕಣ್ಣ ಮುಂದೆಯೇ ಔಷಧಿ ಬಾಂಬಿನ ಹಾಗೆ ಸಿಡಿದಿತ್ತಲ್ಲ. ಸಿಡಿದದ್ದು ಔಷಧಿಯಲ್ಲ, ಬೆಂಕಿಗೆ ಹಾಕಿದ ಡಬ್ಬಿ ಎಂದು ತಿಳಿಸಿ ಹೇಳಲು ನಾನು ಬಾಯಿ ತೆರೆದರೆ ಕೆಮ್ಮೇ ಬರುತ್ತಿತ್ತು. ಅಂದಿನಿಂದ ಊಟಿಯ ದಾರಿ ಮುಚ್ಚಿತು. ಮುಖ ನೀಲಿಗಟ್ಟಿದಾಗ ಸೂಜಿ, ಇಲ್ಲದಾಗ ಊದುಕೊಳವೆ. ಆರನೇ ತಿಂಗಳಿಗೆ ನಾನು ನಾಲ್ಕು ಮಾತನ್ನು ಒಂದೇ ಉಸಿರಿನಲ್ಲಿ ಹೇಳಲಾರದವಳಾದೆ. ಗಂಡ ಗುಟ್ಟಾಗಿ ಡಾಕ್ಟರಮ್ಮನನ್ನು ಕಂಡು ಬಂದ. ತಾಯಿಗೆ ಗಾಳಿ ಸಾಲದಿದ್ದರೆ ಮಗುವಿಗೆ ಎಲ್ಲಿಂದ, ಔಷಧಿಯಿಂದ ಮಗುವಿಗೆ ಭಯವಿಲ್ಲ, ಔಷಧಿ ಇಲ್ಲದ್ದರಿಂದಲೇ ಭಯ ಎಂದು ಹೇಳಿದರಂತೆ. ಹೇಳಿ ಅವನು ತಲೆ ತಗ್ಗಿಸಿ ಕೂತ. ಇದನ್ನು ಅಮ್ಮನಿಗೆ ಹೇಳು ಎಂದರೆ, ನೀನೇ ಹೇಳು ಎಂದ.

ಏಳನೇ ತಿಂಗಳಿಗೆ ಕಣ್ಣಿ ಕಟ್ಟುವ ಶಾಸ್ತ್ರ. ಹೊರಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮ ಹಳೆಯ ಕ್ರಮದಲ್ಲಿ ಮದುವೆ ಮದುವೆಯ ದಿನವೇ ಮುಗಿಯುವುದಿಲ್ಲ. ಚೊಚ್ಚಲ ಬಸಿರು ತುಂಬಿ ಬಂದಾಗ ಗಂಡ ನಂಟರ ಎದುರು ಹೆಂಡತಿಯ ಕುತ್ತಿಗೆಗೆ ನೂಲಿನ ಕಣ್ಣಿ ಹಾಕಬೇಕು. ಹಾಕುವ ಮೊದಲು ಹೆಣ್ಣಿನ ತಂದೆಯನ್ನು ಕೇಳಬೇಕು, ತಂದೆ ಹೂಂ ಎನ್ನಬೇಕು. ಅಲ್ಲಿಯವರೆಗೆ ಯಾರು ಬೇಕಾದರೂ ಎದ್ದು ಹೋಗಬಹುದು. ಈಗ ಎಷ್ಟೋ ಮನೆಗಳಲ್ಲಿ ಎಲ್ಲವನ್ನೂ ಒಂದೇ ದಿನ ಮುಗಿಸುತ್ತಾರೆ. ಅತ್ತೆ ಹಳೆಯ ಕ್ರಮ ಬಿಡುವವರಲ್ಲ.

ತಕ್ಕಡಿಗೆ ಏರಿಸುವ ಮೊದಲು ದರ ಮಾತಾಡು, ಏರಿಸಿದ ಮೇಲೆ ನೀನು ಬರೀ ಹೊರುವವಳು ಎಂದು ಅಪ್ಪ ನನಗೆ ಚಿಕ್ಕಂದಿನಲ್ಲೇ ಕಲಿಸಿದ್ದರು. ನಾನು ಲೆಕ್ಕ ಹಾಕಿದೆ. ಕಣ್ಣಿ ಬೀಳುವವರೆಗೆ ನಾನೂ ನನ್ನ ಹೊಟ್ಟೆಯೂ ನನ್ನ ಕೈಯಲ್ಲಿದ್ದವು. ಬಿದ್ದ ಮೇಲೆ ಅತ್ತೆಗೆ ನನ್ನ ಮಾತು ಕೇಳುವ ಗರಜಿಲ್ಲ.

ಆ ದಿನ ಮನೆ ತುಂಬ ಜನ. ಅಪ್ಪ ಬಿಳಿ ಶಾಲು ಹೊದ್ದು ಬಂದು ಮುಂದೆ ಕೂತಿದ್ದರು. ಗಂಡ ಕಣ್ಣಿ ಹಿಡಿದು ಎದ್ದು ನಿಂತ. “ಮಾವ, ನಿಂಗ ಕೂಸಿಗೆ ಕಣ್ಣಿ ಹಾಕಲಾ?”

ಅಪ್ಪ ಬಾಯಿ ತೆರೆಯುವುದರೊಳಗೆ ನಾನು “ಇಲ್ಲೆ” ಎಂದೆ.

ಯಾರೋ ಹಿಂದಿನಿಂದ, ನಾರ್ಮಲ್ ಮಾತಾಡುತ್ತೆ ಎಂದರು. ಒಂದಿಷ್ಟು ನಗು. ನಾನು ನನ್ನ ಷರತ್ತು ಹೇಳಿದೆ. ಎರಡೆರಡು ಮಾತಿಗೆ ನಿಂತು ಉಸಿರೆಳೆದು ಹೇಳಿದೆ. ಕೇಳಿದವರಿಗೆ ಅದು ಗತ್ತಿನ ಹಾಗೆ ಕಂಡಿರಬೇಕು. ನಾಳೆ ಊಟಿಯಲ್ಲಿ ಇನ್ನೊಮ್ಮೆ ರಕ್ತ ಕೊಡುತ್ತೇನೆ. ಮಾಮಿ ಈಗಿನಿಂದ ನನ್ನ ಪಕ್ಕ ಬಿಡಬಾರದು, ನಾನು ಏನು ನುಂಗುತ್ತೇನೆ ಎಂದು ನೋಡಬೇಕು. ನಾರ್ಮಲ್ ಎಂದು ಬಂದರೆ ಬದುಕಿರುವವರೆಗೂ ಒಲೆ ಊದುತ್ತೇನೆ, ಕೆಮ್ಮಿದರೆ ಹೊಡೆಯಿರಿ. ಬರದಿದ್ದರೆ ಒಲೆ ಬೇಡ, ಕಂದು ಡಬ್ಬಿ ಮನೆಯಿಂದಲೇ ತಿಂಗಳಿಗೊಂದು ಬರಬೇಕು.

ಬಸುರಿಯ ಮಾತು, ಪಿತ್ತ ಏರಿದೆ ಎಂದು ಅಪ್ಪ ಸಮಾಧಾನದ ದನಿಯಲ್ಲಿ ಹೇಳಿದರು. ಅತ್ತೆ ಅವರ ಕಡೆ ನೋಡಲೇ ಇಲ್ಲ.

“ಕಾಗದ ಸುಳ್ಳು ಅಂತೀಯಾ?” ಎಂದು ನನ್ನನ್ನು ಕೇಳಿದರು. “ಕಾಗದ ತಾನಾಗಿ ಸುಳ್ಳು ಹೇಳೋದಿಲ್ಲೆ. ಹೇಳಿಸಿದವರು ಯಾರು? ಅದನ್ನ ಇಲ್ಲಿ ಹೇಳು. ಆಗದಿದ್ದರೆ ಕುತ್ತಿಗೆ ಬಗ್ಗಿಸು.”

ಅವರು ನನಗೆ ದಾರಿ ಕೊಟ್ಟದ್ದು ಹೀಗೆ. ಒಂದು ಕಡೆ ಕಣ್ಣಿ, ಇನ್ನೊಂದು ಕಡೆ ಅಪ್ಪ. ಅಪ್ಪ ನನ್ನನ್ನೇ ನೋಡುತ್ತಿದ್ದರು. ಬೇಡ ಎಂದು ಬೇಡಿಕೊಳ್ಳುವ ನೋಟ ಅದಾಗಿರಲಿಲ್ಲ. ಮೂಟೆಯ ಬುಡದಲ್ಲಿ ನೀರೆಲೆ ಇದೆಯೇ ಎಂದು ಕೈ ಹಾಕಿ ನೋಡುವಾಗಿನ ನೋಟ. ಒಳಗೆ ಮಗು ಹೊರಳಿತು. ಮಗು ಹೊರಳಿದರೂ ನನಗೆ ಆಗ ಏದುಸಿರು ಬರುತ್ತಿತ್ತು.

“ಎಂಗ ಅಪ್ಪ,” ಎಂದೆ. “ಮಾತ್ರೆ ಕೊಟ್ಟು ಇಳಿಸಿದರು.”

ಅಪ್ಪ ಎದ್ದು ಶಾಲು ಸರಿಮಾಡಿಕೊಂಡರು. ಅತ್ತೆಗೆ ಹೇಳಿದರು: “ನಾ ಕೊಟ್ಟದ್ದು ನಾರ್ಮಲ್ ಕೂಸನ್ನ. ಕಾಗದ ಇದೆ. ಇದನ್ನ ಹೀಗೆ ಮಾಡಿದ್ದು ನಿಂಗ ಮನೆ.” ಹೊಸಿಲು ದಾಟಿ ಹೋದರು. ಅವರ ಜೊತೆ ಬಂದಿದ್ದ ನಂಟರೂ ಎದ್ದು ಹೋದರು. ಊಟ ಬಡಿಸಿದ ಎಲೆಗಳು ಹಾಗೇ ಉಳಿದವು.

ಮಾರನೆಯ ದಿನ ಅತ್ತೆಯೂ ನಾನೂ ಊಟಿಗೆ ಬಸ್ಸಿನಲ್ಲಿ ಹೋದೆವು. ಅವರು ನನ್ನ ಪಕ್ಕ ಬಿಟ್ಟಿರಲಿಲ್ಲ. ಬಚ್ಚಲಿಗೆ ಹೋದರೂ ಬಾಗಿಲಲ್ಲಿ ನಿಂತಿದ್ದರು. ಲಕೋಟೆ ಕೈಗೆ ಬಂದಾಗ ಅತ್ತೆ ಅದನ್ನು ಲ್ಯಾಬಿನ ಹುಡುಗಿಯಿಂದ ಓದಿಸಿದರು, ಹೊರಗೆ ಬಂದು ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಮೇಷ್ಟರಿಂದಲೂ ಓದಿಸಿದರು. ಎರಡೂ ಬಾಯಿ ಒಂದೇ ಮಾತು ಹೇಳಿದವು: ಜಾಸ್ತಿ ಇದೆ. ಅಷ್ಟಕ್ಕೇ ಬಿಡುವವರಲ್ಲ. ಹೊಟ್ಟೆಯಲ್ಲಿ ಹುಳ ಇದ್ದರೂ ಇದು ಏರುತ್ತದಂತೆ, ಹೌದಾ ಎಂದು ಡಾಕ್ಟರಮ್ಮನನ್ನು ಕೇಳಿದರು. ಹೌದು, ಅದಕ್ಕೇ ಸಂಖ್ಯೆ ಒಂದನ್ನೇ ನಂಬಬಾರದು ಎಂದ ಡಾಕ್ಟರಮ್ಮ, ತಮ್ಮ ಕಿವಿಯ ಕೊಳವೆ ತೆಗೆದು ಅತ್ತೆಯ ಕಿವಿಗೆ ಹಾಕಿ, ಬಟ್ಟಲನ್ನು ನನ್ನ ಬೆನ್ನಿಗೆ ಒತ್ತಿದರು.

ಅತ್ತೆ ಕಣ್ಣು ಮುಚ್ಚಿ ಕೇಳಿದರು. ಬಹಳ ಹೊತ್ತು ಕೇಳಿದರು. ಬೆನ್ನಿನ ಆ ಕಡೆ, ಈ ಕಡೆ, ಕೆಳಗೆ. ಈಗ ಇವರ ಮನಸ್ಸು ಕರಗಬಹುದು ಎಂದು ನನಗೆ ಆಸೆ ಹುಟ್ಟಿತು.

ಕೊಳವೆ ತೆಗೆದು ಮೇಜಿನ ಮೇಲಿಟ್ಟರು. “ಆಗ ಆ ಏರಿನಲ್ಲೇ ಎನಗ ಗೊತ್ತಿತ್ತು,” ಎಂದರು. “ಹಾಳು ಸರಕು ಕೊಟ್ಟರು. ಎಮ್ಮೆ ಬರಬೇಕು.”

ಎಮ್ಮೆ ಬಂತು. ಎರಡು ಹಟ್ಟಿಯ ಹಿರಿಯರು ಕೂತು, ಮೋಸಕ್ಕೆ ದಂಡವೆಂದು ಅಪ್ಪನ ಕಡೆಯಿಂದ ಕರೆಯುವ ಎಮ್ಮೆಯೊಂದನ್ನು ಕೊಡಿಸಿದರು. ಕೊಟ್ಟಿಗೆಯಲ್ಲಿ ಇದ್ದವುಗಳಲ್ಲಿ ನಾನು ಕರುವಿನಿಂದ ಸಾಕಿದ್ದನ್ನೇ ಅಪ್ಪ ಆರಿಸಿ ಕಳಿಸಿದರು. ಮತ್ತೆ ಗೊತ್ತುಮಾಡಿದ ಕಣ್ಣಿಯ ದಿನ ಅಪ್ಪ ಬರಲಿಲ್ಲ; ಊರಿನ ಹಿರಿಯರೊಬ್ಬರು ಅವರ ಬದಲಿಗೆ ಹೂಂ ಎಂದರು. ಅತ್ತೆ ತಮ್ಮ ಮಾತಿಗೆ ತಪ್ಪಲಿಲ್ಲ. ಪ್ರತಿ ತಿಂಗಳೂ ತಪ್ಪದೆ ಕಂದು ಡಬ್ಬಿ ತರಿಸಿ, “ತಕೊ ನಿನ್ನ ಗಾಳಿ” ಎಂದು ನನ್ನ ಮುಂದೆ ಇಡುತ್ತಿದ್ದರು. ಒಲೆ ಬೇಡ ಎಂದವಳಿಗೆ ಒಲೆಯ ಅನ್ನವೂ ಇಲ್ಲ ಎಂದರು. ಅದೂ ಒಪ್ಪಂದದ ಮಾತೇ, ನಾನು ಸರಿಯಾಗಿ ಕೇಳಿಸಿಕೊಂಡಿರಲಿಲ್ಲ. ಹೊಲದ ಬದಿಯ ಕ್ಯಾರೆಟ್ ಶೆಡ್ಡಿನಲ್ಲಿ ಸೀಮೆಎಣ್ಣೆ ಸ್ಟೌ ಇಟ್ಟುಕೊಂಡು ನಾನೇ ಬೇಯಿಸಿಕೊಂಡೆ. ಗಂಡ ಎರಡೂ ಕಡೆ ಉಣ್ಣುತ್ತಿದ್ದ. ನಾನು ಸಾಕಿದ ಎಮ್ಮೆ ಆ ಮನೆಯಲ್ಲಿ ಎಷ್ಟೋ ವರ್ಷ ಕರೆಯಿತು. ಅದರ ಹಾಲು ನನ್ನ ಲೋಟಕ್ಕೆ ಒಮ್ಮೆಯೂ ಬೀಳಲಿಲ್ಲ.

ಡಬ್ಬಿ ಎಳೆದ ದಿನವೇ ಗುಣ ಕಾಣುವುದಿಲ್ಲ. ಮೊದಲ ವಾರ ಮೋಸ ಹೋದೆನೋ ಎನಿಸಿತು. ಮೂರನೆಯ ವಾರ ಒಂದು ಬೆಳಿಗ್ಗೆ ಎದ್ದಾಗ ಬೆನ್ನು ನೆಲದ ಮೇಲಿತ್ತು. ಮಗಳು ಹುಟ್ಟಿದಳು, ತೂಕವಾಗಿಯೇ ಹುಟ್ಟಿದಳು, ಹುಟ್ಟಿದ ಕೂಡಲೇ ಹಟ್ಟಿಗೆಲ್ಲ ಕೇಳುವ ಹಾಗೆ ಅತ್ತಳು. ಅಪ್ಪನಿಗೆ ಹೇಳಿ ಕಳಿಸಿದೆ. ಹೋದವನು ವಾಪಸು ಬಂದು ಹೇಳಿದ: ನನ್ನ ಮಗಳಿಗೆ ಏನೂ ಇರಲಿಲ್ಲ, ರಿಪೋರ್ಟು ನಾರ್ಮಲ್ ಇತ್ತು, ಇವಳು ಯಾರೋ ಗೊತ್ತಿಲ್ಲ ಎಂದರಂತೆ. ಸಾಯುವವರೆಗೂ ಅಪ್ಪ ಆ ಮಾತು ಬದಲಿಸಲಿಲ್ಲ. ಸಾವಿಗೆ ಹೋದೆ. ಹೆಂಗಸರು ಸರಿದು ಜಾಗ ಬಿಟ್ಟರು, ಆ ಜಾಗದಲ್ಲಿ ನಾನೊಬ್ಬಳೇ ಕೂತಿದ್ದೆ. ನನ್ನ ಬೆನ್ನ ಹಿಂದೆ ಯಾರೋ, ಅಪ್ಪನ ಉಸಿರು ತೆಗೆದು ತಾನು ಉಸಿರಾಡುತ್ತೆ ಎಂದರು. ಉತ್ತರ ಕೊಡುವಷ್ಟು ಗಾಳಿ ಆಗ ನನ್ನಲ್ಲಿತ್ತು. ಕೊಡಲಿಲ್ಲ.

ಶೆಡ್ಡಿನಲ್ಲೇ ಇದ್ದುದರಿಂದ ಕ್ಯಾರೆಟ್ ತೊಳೆಯುವವರ, ಕೊಳ್ಳುವವರ ಮಾತು ದಿನಾ ಕಿವಿಗೆ ಬೀಳುತ್ತಿತ್ತು. ಕೇಳಿ ಕೇಳಿ ವ್ಯಾಪಾರಕ್ಕೆ ಇಳಿದೆ. ಅದು ಬೇರೆ ಕಥೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಜನ ನನ್ನ ಬಳಿ ಬರತೊಡಗಿದರು, ಕ್ಯಾರೆಟ್ಟಿಗಲ್ಲ. ಹೆಣ್ಣುಮಗಳನ್ನು ಹಿಂದೆ ನಿಲ್ಲಿಸಿಕೊಂಡು ತಾಯಂದಿರು ಮೆಲ್ಲಗೆ ಕೇಳುತ್ತಾರೆ: ಅಕ್ಕ, ಆ ರಕ್ತ ಇಳಿಸೋ ಮಾತ್ರೆಯ ಹೆಸರು ಏನ? ಎಲ್ಲವನ್ನೂ ಮಾರುವವಳು ನಾನು, ಅದನ್ನು ಮಾತ್ರ ಮಾರಿಲ್ಲ. ಹುಡುಗಿಯನ್ನು ಮುಂದಕ್ಕೆ ಕರೆದು ನೇರ ಅವಳ ಜೊತೆ ಮಾತಾಡುತ್ತೇನೆ. ಅವಳಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ, ಕಾಸಿಲ್ಲದೆ.

ಸಂಖ್ಯೆ ಇಳಿದಿದೆ ಎಂದು ಯಾರಾದರೂ ಕಾಗದ ತೋರಿಸಿದರೆ, ಹಿಂದಿನ ವಾರ ಏನು ನುಂಗಿದ್ದೆ ಎಂದು ಮೊದಲು ಕೇಳಿ. ನಿಮ್ಮ ಸಂಖ್ಯೆ ನಿಜವಾಗಿಯೇ ಸರಿ ಇದ್ದು, ಏರು ಹತ್ತುವಾಗ ಸೀಟಿ ಬಂದರೆ, ಸೀಟಿಯನ್ನು ನಂಬಿ. ಊದುವ ಕೊಳವೆ ಇರುವ ಡಾಕ್ಟರನ್ನೇ ಹುಡುಕಿ. ನೀಲಿ ಡಬ್ಬಿ ಬೇಗಬೇಗ ಖಾಲಿಯಾಗುತ್ತಿದೆ ಎಂದರೆ ಕಾಯಿಲೆ ನಿಮ್ಮ ಹಿಡಿತದಲ್ಲಿಲ್ಲ ಎಂದೇ ಅರ್ಥ. ಇನ್ನೊಂದು ನೀಲಿ ಕೊಳ್ಳುವ ಮೊದಲು ಡಾಕ್ಟರ ಮುಂದೆ ಹೋಗಿ ಕೂರಿ. ಕಂದು ಡಬ್ಬಿಯನ್ನು ಚೆನ್ನಾಗಿದ್ದೇನೆ ಎಂದು ಬಿಡಬೇಡಿ, ಅದನ್ನು ಎಳೆಯುತ್ತಿರುವುದರಿಂದಲೇ ಚೆನ್ನಾಗಿರುವುದು. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ, ಇಲ್ಲದಿದ್ದರೆ ನಾಲಿಗೆ ಬೆಳ್ಳಗಾಗಿ ಹುಣ್ಣಾಗುತ್ತದೆ. ಬಿಳಿ ಮಾತ್ರೆ ಡಾಕ್ಟರು ಕೊಟ್ಟರೆ ಅವರು ಹೇಳಿದಷ್ಟು ದಿನ ನುಂಗಿ, ಅಂಗಡಿಯವನು ಕೊಟ್ಟರೆ ವಾಪಸು ಕೊಡಿ. ಬಸುರಿಯಾದರೆ ಔಷಧಿಯನ್ನು ಹೆದರಿ ನಿಲ್ಲಿಸಬೇಡಿ, ಡಾಕ್ಟರಿಗೆ ತಿಳಿಸಿ ಮುಂದುವರಿಸಿ. ಡಾಕ್ಟರ ಜೊತೆ ಚೌಕಾಸಿ ಬೇಡ. ಅದನ್ನು ಮನೆಯವರ ಜೊತೆ ಮಾಡಿ, ಮಾಡುವಾಗ ಒಲೆ ಎಲ್ಲಿ, ಅನ್ನ ಎಲ್ಲಿ ಎಂಬುದನ್ನೂ ಬಾಯಿಬಿಟ್ಟು ಮಾತಾಡಿ ಮುಗಿಸಿ. ಮತ್ತೆ, ಬೆಟ್ಟದವರಾದರೆ ಇದೊಂದು ನೆನಪಿಡಿ: ಮಳೆಗೆ ಗುಡ್ಡ ಕುಸಿದು ಘಾಟಿ ರಸ್ತೆ ಮುಚ್ಚಿದರೆ ತರಕಾರಿ ಕೆಳಗಿಳಿಯುವುದಿಲ್ಲ, ಔಷಧಿಯೂ ಮೇಲೆ ಬರುವುದಿಲ್ಲ. ಮಳೆಗಾಲಕ್ಕೆ ಮುಂಚೆ ಒಂದು ಡಬ್ಬಿ ಹೆಚ್ಚಿಗೆ ತಂದು ಒಣಗಿದ ಜಾಗದಲ್ಲಿ ಇಟ್ಟುಕೊಳ್ಳಿ.